26ರಿಂದ 18456ಕ್ಕೆ
ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಪಂಪು, ಬೇರಿಂಗು ಮಾರುವ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಕಾಲ. ಬೀದರ್ ಕಡೆಯ ಸಾಹುಕಾರರೊಬ್ಬರು ಗಿರಾಕಿಗಳ ಡೈರಿ ಬಿಟ್ಟು ಔಟ್‌ಲುಕ್‌ನ ಬಿಸಿನೆಸ್ ಕಾಂಟ್ಯಾಕ್ಟ್ ಮ್ಯಾನೇಜರ್ 2007 ಹಾಕಿಸಿಕೊಂಡರು. ಅವರ ಮೇಜಿನ ಮೇಲೆ ಎಲ್ಲ ಸರಿ. ಒಳಗಿನ ಗೋದಾಮಿನಲ್ಲಿ ಗುಮಾಸ್ತರ ಕಂಪ್ಯೂಟರಿಗೆ ಮಾತ್ರ ಡೇಟಾಬೇಸ್ ಸಿಗಲೊಲ್ಲದು.

"ಎಲ್ಲಾ ತೆಗದು ಇನ್ನೊಮ್ಮಿ ಹಾಕಿಬಿಡ್ರಿ ಸರ" ಅಂದರು ಸಾಹುಕಾರರು. ಈ ಮಾತಿಗೆ ನಾನು ಒಪ್ಪುವುದಿಲ್ಲ. ನೋಡಲು ಅದು ವಿಳಾಸದ ಪುಸ್ತಕ, ಒಳಗಿರುವುದು ಎಸ್‌ಕ್ಯೂಎಲ್ ಸರ್ವರ್ 2005 ಎಕ್ಸ್‌ಪ್ರೆಸ್ ಎಂಬ ಡೇಟಾಬೇಸ್ ಸರ್ವರ್. ಮೇಲಿನದನ್ನು ಕಿತ್ತರೂ ಎಂಎಸ್‌ಎಸ್‌ಎಂಎಲ್‌ಬಿಐಝಡ್ ಎಂಬ ಉದ್ದ ಹೆಸರಿನ ಇನ್‌ಸ್ಟೆನ್ಸ್ ಅಲ್ಲೇ ಉಳಿದುಬಿಡುತ್ತದೆ, ಹಳೆಯ ತೊಂದರೆಯ ಸಮೇತ.

ಅದಕ್ಕಿಂತ ಎರರ್‌ನ ನಂಬರ್ ಓದುವುದು ಮೇಲು. ಗುಮಾಸ್ತರ ಪರದೆಯಲ್ಲಿ ಬರುತ್ತಿದ್ದದ್ದು 26. ಅದು ಬಂದರೆ ಆ ಹೆಸರಿನ ಇನ್‌ಸ್ಟೆನ್ಸ್ ಎಲ್ಲಿದೆ ಎಂದೇ ಗೊತ್ತಾಗಿಲ್ಲ. ಪಾಸ್‌ವರ್ಡಿನ ಮಾತು ಇನ್ನೂ ಬಂದೇ ಇಲ್ಲ. ಇನ್‌ಸ್ಟೆನ್ಸ್ ಯಾವ ಪೋರ್ಟ್‌ನಲ್ಲಿದೆ ಎಂದು ಹೇಳುವುದು ಎಸ್‌ಕ್ಯೂಎಲ್ ಬ್ರೌಸರ್ ಸರ್ವಿಸ್, ಯುಡಿಪಿ 1434ರಲ್ಲಿ. ಎಕ್ಸ್‌ಪ್ರೆಸ್‌ನಲ್ಲಿ ಮೊದಲಿಗೆ ಅದೂ ಆಫ್, ಟಿಸಿಪಿ/ಐಪಿಯೂ ಆಫ್. ಎರಡನ್ನೂ ಆನ್ ಮಾಡಿದೆ, ಆದರೂ 26. ಆಮೇಲೆ ನೋಡಿದರೆ ಆಂಟಿವೈರಸ್‌ನ ಫೈರ್‌ವಾಲ್ 1434ನ್ನು ತಡೆದು ಕೂತಿತ್ತು. ಅದನ್ನು ದೂರುವಂತಿಲ್ಲ: 2003ರ ಜನವರಿಯಲ್ಲಿ ಸ್ಲ್ಯಾಮರ್ ವರ್ಮ್ ಲೋಕವೆಲ್ಲ ಹಬ್ಬಿದ್ದು ಇದೇ ಪೋರ್ಟಿನಿಂದ. ಅಂಗಡಿಯೊಳಗಿನ ನೆಟ್‌ವರ್ಕಿಗಷ್ಟೇ ತೆರೆದೆ.

ಗುಮಾಸ್ತರ ಪರದೆ ಆಗಲೂ ಇಲ್ಲವೆಂದೇ ಹೇಳಿತು. ಆದರೆ ಸಾಹುಕಾರರ ಕಂಪ್ಯೂಟರಿನ ಈವೆಂಟ್ ವ್ಯೂಯರ್‌ನಲ್ಲಿ ಹೊಸದೊಂದು ಸಾಲು ಬಿದ್ದಿತ್ತು: 18456, ಲಾಗಿನ್ ಫೇಲ್ಡ್. ನನಗೆ ಖುಷಿಯೋ ಖುಷಿ. ಬಾಗಿಲು ಸಿಕ್ಕಿದೆ, ಒಳಗೆ ಬಿಡುತ್ತಿಲ್ಲ ಅಷ್ಟೆ. ಅದೇ ಸಾಲಿನಲ್ಲಿ ಬಳಕೆದಾರನ ಹೆಸರು 'ಗೆಸ್ಟ್' ಎಂದಿತ್ತು. ಗುಮಾಸ್ತರು ಲಾಗಿನ್ ಆಗಿದ್ದು ತಮ್ಮ ಹೆಸರಿನಲ್ಲೇ. ವಿಂಡೋಸ್ ಎಕ್ಸ್‌ಪಿಯಲ್ಲಿ ಸಿಂಪಲ್ ಫೈಲ್ ಶೇರಿಂಗ್ ಆನ್ ಇದ್ದರೆ ನೆಟ್‌ವರ್ಕಿನಿಂದ ಯಾರೇ ಬರಲಿ, ಗೆಸ್ಟ್ ಆಗಿಬಿಡುತ್ತಾರೆ. ಸಾಹುಕಾರರ ಕಂಪ್ಯೂಟರಿನ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಆ ಟಿಕ್ ತೆಗೆದೆ. ಎರಡೂ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು ಆ ಹೆಸರಿಗೆ ಡೇಟಾಬೇಸ್ ಹಂಚಬೇಕೆಂದೆ.

"ಪಾಸ್‌ವರ್ಡ್ ಯಾಕ್ರೀ? ಎಲ್ಲಾ ಮನಿ ಮಂದೀನೇ ಅದಾರಲ್ಲ" ಅಂತ ಸಾಹುಕಾರರು ತಗಾದೆ ತೆಗೆದರು. ಖಾಲಿ ಪಾಸ್‌ವರ್ಡ್ ಇದ್ದರೆ ಎಕ್ಸ್‌ಪಿ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ ಎಂದು ತಿಳಿಸಿ ಅವರ ಕೈಯಲ್ಲೇ ಟೈಪ್ ಮಾಡಿಸಿದೆ.

ಗೋದಾಮಿನಲ್ಲಿ ಪಟ್ಟಿ ತೆರೆದುಕೊಂಡಿತು. ಹಲವು ಗಿರಾಕಿಗಳ ಹೆಸರು ಎರಡೆರಡು ಸಲ ಇತ್ತು. ಯಾರೋ ಎಕ್ಸೆಲ್‌ನಿಂದ ಮತ್ತೆ ಮತ್ತೆ ಇಂಪೋರ್ಟ್ ಮಾಡಿದ್ದರು. ಅದು ಬೇರೆ ಕೆಲಸ, ಬೇರೆ ಬಿಲ್ಲು.