ಪುತಳಿಯ ಮೂಲ

ಪರದೇಶದ ನಾಣ್ಯಗಳನ್ನು ಕೂಡಿಸಬಯಸುವವಳು ಮೊದಲು ಅಜ್ಜಿಯ ಒಡವೆಗಳ ಪೆಟ್ಟಿಗೆಯನ್ನು ನೋಡತಕ್ಕದ್ದು. ಚಿಕ್ಕೋಡಿ, ನಿಪ್ಪಾಣಿಗಳ ಕಡೆಗೆ ಪುತಳಿ ಸರವು ಪರಿಚಿತ ಆಭರಣವಷ್ಟೇ. ಇಟಲಿಯ ವೆನಿಸ್ ನಗರದ ಬಂಗಾರದ ನಾಣ್ಯಕ್ಕೆ, ಅದರ ಮೇಲಣ ಬೊಂಬೆಗಳಿಂದಾಗಿ, ಈ ಸೀಮೆಯಲ್ಲಿ ಪುತಳಿಯೆಂದು ಹೆಸರಾಯಿತು. 1284ರಲ್ಲಿ ಮೊದಲಾದ ಆ ನಾಣ್ಯದ ತೂಕ ಸುಮಾರು 3.5 ಗ್ರಾಂ. ಒಂದು ಮಗ್ಗುಲಲ್ಲಿ ಸಂತ ಮಾರ್ಕನೆದುರು ಮಂಡಿಯೂರಿದ ನಗರಾಧಿಪತಿ, ಇನ್ನೊಂದರಲ್ಲಿ ಕ್ರಿಸ್ತಸ್ವಾಮಿ. ವ್ಯಾಪಾರದೊಡನೆ ಕಡಲು ದಾಟಿ ಬಂದ ಅದರ ಅಪ್ಪಟತನವನ್ನು ನಂಬಿ ಜನರು ಕೊರಳಲ್ಲಿ ಧರಿಸಿದರು. ಅನಂತರ ಅಕ್ಕಸಾಲಿಗರು ಅದನ್ನು ಹೋಲುವ ಬಿಲ್ಲೆಗಳನ್ನು ಮಾಡಿದರು. ಈಗಿನವುಗಳಲ್ಲಿ ಲಕ್ಷ್ಮಿಯ ಚಿತ್ರವನ್ನೂ ಕಾಣುತ್ತೇವೆ. ಆದುದರಿಂದ ಸೋದರಿಯರೇ, ಹಳೆಯ ಸರವನ್ನು ಕರಗಿಸಲು ಕೊಡುವ ಮುನ್ನ ಒಂದೊಂದು ಬಿಲ್ಲೆಯ ಎರಡೂ ಮಗ್ಗುಲುಗಳನ್ನು ಪರೀಕ್ಷಿಸಿರಿ. ಕರಗಿದ ಬಳಿಕ ಆ ಗುರುತುಗಳು ತಿರುಗಿ ದೊರೆಯಲಾರವು.