ಗುಟ್ಟಿನ ಪುಡಿ ಬೇಡ

ಪ್ರಶ್ನೆ: ತಂದೆಗೆ 71 ವರ್ಷ. ನಿವೃತ್ತಿಯಾದ ಮೇಲೆ ಕುಡಿತ ಹೆಚ್ಚಿ ಈಗ ದಿನಕ್ಕೆ ಎರಡು ಕ್ವಾರ್ಟರ್ ಆಗಿದೆ. ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ ಸಿಗುತ್ತದಂತೆ, ಕೊಡಬಹುದೆ? ಇಲ್ಲ, ಒಂದು ವಾರ ಮನೆಯಲ್ಲೇ ಕೂಡಿಹಾಕಿ ಬಿಡಿಸೋಣವೆ?
– ಹೆಸರು ಬೇಡ, ಹಾಸನ

ಉತ್ತರ: ಎರಡೂ ಬೇಡ. ಈ ಪುಡಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಒಳಗೆ ಏನಿದೆಯೆಂದು ಪೊಟ್ಟಣ ಹೇಳುವುದಿಲ್ಲ. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯ ಪುಡಿಯೇ ಇದ್ದು, ಅದರ ಮೇಲೆ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. 71ರ ಹೃದಯ ಅದನ್ನು ತಡೆದೀತೆಂದು ನಿಮಗೆ ಯಾರು ಹೇಳಿದರು? ಆ ಮಾತ್ರೆಯನ್ನು ನಾವೂ ಕೊಡುವುದುಂಟು. ಆದರೆ ರೋಗಿಗೆ ಹೇಳಿ, ಒಪ್ಪಿಸಿ, ಲಿವರ್ ಪರೀಕ್ಷೆ, ಇಸಿಜಿ ನೋಡಿದ ಮೇಲೆ.

ಕೂಡಿಹಾಕುವುದಂತೂ ಇನ್ನೂ ಅಪಾಯ. ಇಷ್ಟು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗಿ ಲೋಟದ ಕಾಫಿ ಪಂಚೆಯ ಮೇಲೆ ಚೆಲ್ಲುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಗೋಡೆಯ ಮೇಲೆ ಇಲ್ಲದ ಹುಳ ಹಿಡಿಯತೊಡಗುತ್ತಾರೆ. ಮನೆಯವರು ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಲು ಓಡುತ್ತಾರೆ! ಅದು ಜೀವ ತೆಗೆಯುವ ಸ್ಥಿತಿ. ಆಸ್ಪತ್ರೆಗೆ ಸೇರಿಸಿಯೇ ಬಿಡಿಸಿ. ಹತ್ತಿರದ ಕ್ಲಿನಿಕ್‌ನಲ್ಲಿ ಬರೀ ಗ್ಲೂಕೋಸ್ ಏರಿಸಿಕೊಂಡು ಬರಬೇಡಿ. ಅದಕ್ಕೂ ಮೊದಲು ಬಿ1 ಇಂಜೆಕ್ಷನ್ ಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟು. ಲಿವರ್, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಪ್ಲೇಟ್‌ಲೆಟ್ ಎಲ್ಲ ನೋಡಿಸಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನಗೆ 66. ಮಳೆಗಾಲದ ಚಳಿಗೆ ರಾತ್ರಿ ಒಂದು ನೈಂಟಿ ಬ್ರಾಂದಿ, ಮೂವತ್ತು ವರ್ಷದಿಂದ ಅಳತೆ ಮೀರಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ. ತೊಂದರೆಯಿಲ್ಲ ತಾನೆ?
– ಓದುಗರು, ಮಡಿಕೇರಿ

ಉತ್ತರ: ಅಳತೆ ಮೀರಿಲ್ಲ, ನಿಜ. ಅಳತೆ ಹಾಕಿದ ದೇಹ ಮಾತ್ರ ಅದೇ ಅಲ್ಲ. ವಯಸ್ಸಾದಂತೆ ಮೈಯ ನೀರಿನಂಶ ಇಳಿಯುತ್ತದೆ, ಹಾಗಾಗಿ ಅದೇ ನೈಂಟಿ ರಕ್ತದಲ್ಲಿ ಹೆಚ್ಚು ಏರುತ್ತದೆ. ಬ್ರಾಂದಿ ಬೆಚ್ಚಗಿಡುತ್ತದೆ ಎನ್ನುವುದೂ ಸುಳ್ಳು. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ, ನಮಗೆ ಮಾತ್ರ ಬಿಸಿಯಾದಂತೆ ಅನ್ನಿಸುತ್ತದೆ. ಚಳಿಗೆ ಕಂಬಳಿ ಇದೆಯಲ್ಲ! ನಿಮ್ಮ ಮಾತ್ರೆ ಗ್ಲಿಮಿಪಿರೈಡ್ ಆಗಿದ್ದು, ಕುಡಿದು ಊಟ ಬಿಟ್ಟು ಮಲಗಿದರೆ ನಡುರಾತ್ರಿ ಸಕ್ಕರೆ ಕುಸಿಯಬಹುದು. ಮನೆಯವರು ಅಮಲು ಎಂದುಕೊಂಡು ಸುಮ್ಮನಿರುತ್ತಾರೆ. ಮಾತ್ರೆಯ ಚೀಟಿ ಹಿಡಿದುಕೊಂಡು ವೈದ್ಯರ ಬಳಿ ಹೋಗಿ, ಬ್ರಾಂದಿಯ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಲಿವರ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಗಾಬರಿಯಾಗಬೇಡಿ, ಈಗಲೇ ಬಿಟ್ಟರೆ ನಿಮ್ಮ ಲಿವರ್ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ.

ಪ್ರಶ್ನೆ: ಮಾವನವರು ಕುಡಿದು ಬಚ್ಚಲಲ್ಲಿ ಬಿದ್ದು ಮೂರು ವಾರವಾಯಿತು. ಆಗ ಏನೂ ಆಗಿರಲಿಲ್ಲ. ಈಗ ಮರೆವು, ಸದಾ ಮಂಪರು. ವಯಸ್ಸಿನದೇ ಇರಬೇಕಲ್ಲವೆ?
– ಸೊಸೆ, ತುಮಕೂರು

ಉತ್ತರ: ಅಲ್ಲ. ತಲೆಯೊಳಗೆ ರಕ್ತ ನಿಧಾನವಾಗಿ ಸೇರಿಕೊಳ್ಳಲು ಮೂರು ವಾರ ಸಾಕು. ಈ ಪತ್ರಿಕೆ ಮಡಚಿಟ್ಟು ಇವತ್ತೇ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ.