ಒನಕೆ ಹಿಡಿದ ಕೈ

ಮಗು, ಆಟಕ್ಕೆಂದು ನೀನು ಬರೆದು ಹೋದ ಭಾನುವಾರ ಟ್ಯಾಬ್‌ನಲ್ಲಿ ತೋರಿಸಿದ ಚಿತ್ರ ಇನ್ನೂ ಕಣ್ಣಲ್ಲೇ ಇದೆ. ಹಿಮ ಸುರಿಯುವ ಬೆಟ್ಟ. ಗಂಡಾಳು ನೆತ್ತಿಯಿಂದ ಹಿಮ್ಮಡಿವರೆಗೂ ಉಕ್ಕಿನೊಳಗೆ. ಪಕ್ಕದಲ್ಲಿ ಅವನ ಜೊತೆಗಾತಿ ಅದೇ ಹಿಮದಲ್ಲಿ ಎರಡು ಅಂಗೈಯಗಲ ಲೋಹ ತೊಟ್ಟು, ಸೊಂಟ ಕೊಂಕಿಸಿ, ನಮ್ಮ ಕಡೆ ನೋಡುತ್ತಾ ನಿಂತಿದ್ದಾಳೆ. ‘ಇವಳಿಗೆ ಚಳಿ ಆಗಲ್ವೇನೇ?’ ಅಂದೆ. ‘ಕಂಪನಿ ಕೊಟ್ಟ ಬ್ರೀಫ್‌ನಲ್ಲಿ ಹಾಗೇ ಇದೆ ತಾತ’ ಅಂತ ನೀನು ನಕ್ಕೆ. ಅಷ್ಟರಲ್ಲಿ ರೈಲಿಗೆ ಹೊತ್ತಾಯಿತು, ನೀನು ಊರಿಗಾಂ ಸ್ಟೇಷನ್ನಿಗೆ ಓಡಿದೆ. ನಾನು ಹೇಳಬೇಕೆಂದಿದ್ದು ಬಾಯಲ್ಲೇ ಉಳಿಯಿತು.

ಬಟ್ಟೆ ಕಡಿಮೆಯಾಯಿತೆಂದು ಮುಖ ಸಿಂಡರಿಸುವ ಮುದುಕ ನಾನಲ್ಲ. ಬೇಲೂರಿನ ಮದನಿಕೆಯರ ಮೈಮೇಲೆ ಬಟ್ಟೆಗಿಂತ ಒಡವೆಯೇ ಜಾಸ್ತಿ. ಆದರೂ ಅಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೊಬ್ಬಳಿದ್ದಾಳಲ್ಲ, ಅವಳ ಗಮನವೆಲ್ಲ ಬೇಟೆಯ ಮೇಲೆ. ಕೆಳಗೆ ಕತ್ತೆತ್ತಿ ನಿಂತ ನಾವು ಅವಳಿಗೆ ಲೆಕ್ಕಕ್ಕೇ ಇಲ್ಲ. ನಿನ್ನವಳು ಕತ್ತಿ ಹಿಡಿದಿದ್ದಾಳೆ, ಆದರೆ ಶತ್ರು ಎಲ್ಲಿದ್ದಾನೆಂಬುದು ಅವಳಿಗೆ ಗೊತ್ತಿದ್ದಂತಿಲ್ಲ.

ಮೈ ಬರಿದಾಗಿದ್ದರೆ ಅದಕ್ಕೊಂದು ಕಾರಣ ಬೇಕು, ಅಷ್ಟೇ ನನ್ನ ತಕರಾರು. ನಮ್ಮ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಬಂಡೆಯ ಕಾವಿಗೆ ಗಂಡಸರು ಅಲ್ಲಿ ಬರಿಮೈಯಲ್ಲಿ ದುಡಿದರು, ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ. ಹೆಲ್ಮೆಟ್ ಯಾಕೆ ಗುಂಡಗಿದೆ? ಮೇಲಿಂದ ಬಿದ್ದ ಕಲ್ಲು ಜಾರಿಹೋಗಲಿ ಅಂತ. ಎದೆಕವಚಕ್ಕೂ ಅದೇ ಲೆಕ್ಕ. ನಿನ್ನ ಇನ್ನೊಂದು ಚಿತ್ರದಲ್ಲಿ ಕವಚಕ್ಕೆ ಎರಡು ಬಟ್ಟಲು ಉಬ್ಬಿಸಿ ನಡುವೆ ಕಣಿವೆ ಬಿಟ್ಟಿದ್ದೀಯ. ಬಟ್ಟಲುಗಳ ಒಳಮಗ್ಗುಲಿಗೆ ತಗುಲಿದ ಈಟಿ ಜಾರಿ ಬಂದು ನಾಟುವುದು ಆ ಕಣಿವೆಯಲ್ಲೇ, ಎದೆಮೂಳೆಗೆ ನೇರವಾಗಿ. ಮೂವತ್ತು ವರ್ಷ ಸರ್ವೆ ಆಫೀಸಿನಲ್ಲಿ ಗಣಿಯ ನಕ್ಷೆ ಬರೆದವನಿಗೆ ಇಂಥದ್ದು ಮೊದಲು ಕಣ್ಣಿಗೆ ಬೀಳುತ್ತದೆ.

ನಿವೃತ್ತನಿಗೆ ಹೊತ್ತಿಗೇನು ಬರ? ಈ ಲೋಹದ ಚಿಂದಿ ಎಲ್ಲಿಂದ ಬಂತೆಂದು ಹುಡುಕಿ ಓದಿದೆ. ರಾಬರ್ಟ್ ಹೋವರ್ಡ್ 1934ರಲ್ಲಿ ಬರೆದ ಕಥೆಯೊಂದರಲ್ಲಿ ರೆಡ್ ಸೋನ್ಯಾ ಎಂಬ ಹೋರಾಟಗಾರ್ತಿ ಇದ್ದಾಳೆ. 1529ರಲ್ಲಿ ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ ಕಾಲದ ಕಥೆ ಅದು. ಅವಳ ಹತ್ತಿರ ಪಿಸ್ತೂಲಿತ್ತು, ಕತ್ತಿಯಿತ್ತು, ಮೈತುಂಬ ಬಟ್ಟೆಯೂ ಇತ್ತು. 1973ರಲ್ಲಿ ಮಾರ್ವೆಲ್ ಕಾಮಿಕ್ಸಿನವರು ಅವಳನ್ನು ರೆಡ್ ಸೋಂಜಾ ಮಾಡಿದರು. ಆಮೇಲೆ ಸ್ಪೇನಿನ ಎಸ್ತೆಬಾನ್ ಮರೋತೋ ಎಂಬ ಕಲಾವಿದ ಲೋಹದ ಬಿಕಿನಿ ತೊಡಿಸಿ ಬರೆದದ್ದೇ ಅವಳ ಸಮವಸ್ತ್ರವಾಗಿ ನಿಂತಿತು. ಪಾತ್ರ ಕಟ್ಟಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಬಂದದ್ದು ಸೋಂಜಾ ಹುಟ್ಟಿದ ಮರುವರ್ಷ, 1974ರಲ್ಲಿ. ಅದರ 1978ರ ನಿಯಮ ಪುಸ್ತಕ ಹೆಣ್ಣು ಪಾತ್ರದ ತೋಳ್ಬಲ ಗಂಡಿನಷ್ಟು ಏರದಂತೆ ಮಿತಿ ಹಾಕಿತ್ತು. 1989ರ ಆವೃತ್ತಿಯಲ್ಲಿ ಆ ಮಿತಿ ತೆಗೆದುಹಾಕಿದರು. ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಸೊಂಟಕ್ಕೊಂದು ತಲೆಗೊಂದು ಕೊಡ ಹೊತ್ತು ಏರು ಹತ್ತಿದ ನಿನ್ನ ಅಜ್ಜಿ ಆ ಪುಸ್ತಕ ಓದಿರಲಿಲ್ಲ, ಪುಣ್ಯ.

ನಿನಗೆ ಬುದ್ಧಿ ಹೇಳುವ ಮೊದಲು ನನ್ನ ಕಥೆ ಕೇಳು. 1972ರಲ್ಲಿ ‘ನಾಗರಹಾವು’ ಸಿನಿಮಾ ಬಂತು. ಜಯಂತಿಯ ಓಬವ್ವನನ್ನು ನೋಡಿದ ಹುಚ್ಚಿನಲ್ಲಿ ನಮ್ಮ ಲೈನಿನ ಹುಡುಗರು ಒಂದು ನಾಟಕ ಹೂಡಿದರು, ಪರದೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ರಾತ್ರಿ ಕೂತು ಬರೆದೆ. ತಿದ್ದಿ ತೀಡಿದ ಹುಬ್ಬು, ಬಳುಕುವ ನಡು, ತಾವರೆ ದಂಟಿನಂಥ ತೋಳು, ಬೆರಳ ತುದಿಯಲ್ಲಿ ಒನಕೆ. ಎಲ್ಲರೂ ಭೇಷ್ ಅಂದರು. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ, ‘ಚೆನ್ನಾಗವ್ಳೆ. ಆದ್ರೆ ಇವಳು ಯಾವತ್ತೂ ಭತ್ತ ಕುಟ್ದೋಳಲ್ಲ ಕಣೋ’ ಅಂದಳು.

ಅವತ್ತೇ ಅವಳು ಒನಕೆ ತಂದು ತೋರಿಸಿದಳು. ಹಿಡಿಯುವುದು ನಡುವಿನಲ್ಲಿ, ಇಡೀ ಮುಷ್ಟಿಯಲ್ಲಿ. ಕಾಲು ಅಗಲಿಸಿ ನಿಲ್ಲಬೇಕು. ಎತ್ತುವಾಗ ಬೆನ್ನು ಎತ್ತುತ್ತದೆ, ಇಳಿಸುವಾಗ ಒನಕೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಒಂದು ಕೈ ಸೋತಾಗ ಪೆಟ್ಟಿನ ಲಯ ತಪ್ಪದಂತೆ ಇನ್ನೊಂದಕ್ಕೆ ದಾಟಿಸುತ್ತಾರೆ. ಅವಳ ಅಂಗೈಯಲ್ಲಿ ಜಡ್ಡು ಎಲ್ಲೆಲ್ಲಿ ಗಟ್ಟಿಯಾಗಿದೆಯೆಂದು ಆವತ್ತು ಮೊದಲ ಸಲ ನೋಡಿದೆ. ಕೋಟೆಯ ಕಿಂಡಿಯ ಬಾಯಲ್ಲಿ ಶತ್ರುಗಳನ್ನು ಒನಕೆಯಿಂದ ಬಡಿಯಲು ಓಬವ್ವನಿಗೆ ಯಾವ ಗರಡಿಯೂ ಬೇಕಿರಲಿಲ್ಲ ಮಗು, ದಿನಾ ಬೆಳಗ್ಗೆ ಮಾಡಿದ್ದನ್ನೇ ಮಾಡಿದಳು. (ಅವಳು ಬಡಿದದ್ದು ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಸೈನಿಕರನ್ನು. ನಾಟಕದ ಹುಡುಗರಿಗೆ ಇದನ್ನು ಹೇಳಿದಾಗ ಯಾವ ಕಡೆ ಚಪ್ಪಾಳೆ ಹೊಡೆಯೋದು ಅಂತ ಗೊಂದಲಕ್ಕೆ ಬಿದ್ದರು.) ಪರದೆಯ ಮೇಲಿನ ತೋಳನ್ನು ಅಳಿಸಿ ಮತ್ತೆ ಬರೆದೆ. ನಡು ಹಾಗೇ ಬಿಟ್ಟೆ, ಅಷ್ಟು ಧೈರ್ಯ ಇರಲಿಲ್ಲ.

ಕೆಲಸ ಬಿಟ್ಟು ಬಾ ಅಂತ ನಾನು ಹೇಳಲಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಈ ಊರಿನ ಒಲೆಗಳು ಹೇಗಿದ್ದವೆಂದು ಬಲ್ಲೆ. ಇವತ್ತೂ ಬೆಳಗಿನ ರೈಲು ನಮ್ಮ ಮಕ್ಕಳನ್ನೆಲ್ಲ ಬಂಗಾರಪೇಟೆ ದಾಟಿಸಿ ಬೆಂಗಳೂರಿಗೆ ಸುರಿದು ಬರುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಗಳಿಗೆ ಹೆಸರು ಕೆತ್ತಿದರು. ನಿನ್ನ ಚಿತ್ರ ಪರದೇಶದ ಯಾವುದೋ ಆಟದೊಳಗೆ ಹೆಸರಿಲ್ಲದೆ ಸೇರಿಹೋಗುತ್ತದೆ. ಬ್ರೀಫ್ ಬರೆದವನಿಗೆ ಬಟ್ಟೆಯ ಅಳತೆ ಗೊತ್ತು. ಆದರೆ ಪಾದ ಎಲ್ಲಿ ಊರಬೇಕು, ಮುಷ್ಟಿ ಎಷ್ಟು ಬಿಗಿಯಬೇಕು, ಕಣ್ಣು ಯಾರ ಮೇಲಿರಬೇಕು ಎಂಬುದನ್ನು ಅವನು ಬರೆದಿರುವುದಿಲ್ಲ. ಅಲ್ಲಿ ನಿನ್ನದೇ ರಾಜ್ಯ. ಕೇಳಿದ್ದನ್ನು ಕೊಡು, ಜೊತೆಗೆ ನಿನಗೆ ಸರಿ ಕಂಡದ್ದನ್ನೂ ಒಂದು ಬರೆದು ಇಡು. ಹತ್ತರಲ್ಲಿ ಒಂದು ಸಲ ಅದನ್ನೇ ಆರಿಸಿಕೊಂಡಾರು.

ಪುಣೆಯ ಹುಡುಗರು 2020ರಲ್ಲಿ ‘ರಾಜಿ’ ಎಂಬ ಆಟ ಮಾಡಿದ್ದಾರಂತಲ್ಲ, ನೀನೇ ಆಡಿ ತೋರಿಸಿದ್ದು. ಅದರ ಹುಡುಗಿ ಸರ್ಕಸ್ಸಿನವಳು. ಗೋಡೆಯ ಮೇಲೆ ಓಡಿದರೂ ಕಂಬಕ್ಕೆ ಜಿಗಿದರೂ ಯಾರೂ ಹೇಗೆಂದು ಕೇಳುವುದಿಲ್ಲ, ಅವಳ ಮೈ ಎಲ್ಲಿ ಪಳಗಿತೆಂದು ಗೊತ್ತಿದೆ. ನಿನ್ನ ಹಿಮದ ಹೆಂಗಸು ಕತ್ತಿ ಹಿಡಿಯುವ ಮೊದಲು ಏನು ಕೆಲಸ ಮಾಡುತ್ತಿದ್ದಳು? ಅದನ್ನು ಗೊತ್ತುಮಾಡಿಕೊಂಡು ಆಮೇಲೆ ಪೆನ್ನು ಹಿಡಿ.

ಅವ್ವನ ಒನಕೆ ಇನ್ನೂ ಅಟ್ಟದ ಮೇಲಿದೆ. ಈ ಭಾನುವಾರ ಬಂದಾಗ ಇಳಿಸಿಕೊಡುತ್ತೇನೆ. ಫೋಟೋ ಆಮೇಲೆ ತೆಗೆಯುವೆಯಂತೆ, ಮೊದಲು ಇಪ್ಪತ್ತು ಸಲ ಎತ್ತಿ ಇಳಿಸು.